ಹುಲ್ಲು ಹುಟ್ಟದ ಮೂಲೆ

ಗುಡಿಬಂಡೆ ಹತ್ತಿರ, ಮಡಕಶಿರಾ
2 ಸೆಪ್ಟೆಂಬರ್ 2024

ಮಾನ್ಯ ಭವ್ಯಾ ಮೇಡಂ ಅವರಿಗೆ,

ಸಂಜೀವಪ್ಪನ ನಮಸ್ಕಾರ. ‘ರೆಸ್ಪೆಕ್ಟೆಡ್ ಮೇಡಂ, ಐ ಬೆಗ್ ಟು ಸ್ಟೇಟ್’ ಎಂದು ಇಂಗ್ಲಿಷಿನಲ್ಲೇ ಶುರು ಮಾಡಿದ್ದೆ. ಹಿಂದೂಪುರದ ಕಾಲೇಜಿನಲ್ಲಿ ಸ್ವಲ್ಪ ಕಾಲ ಬಾಟನಿ ಓದಿದವನು ನಾನು. ಆದರೆ ‘ಸ್ಟೇಟ್’ ಆದ ಮೇಲೆ ಏನು ಬರಬೇಕೋ ನೆನಪಾಗಲಿಲ್ಲ, ಕನ್ನಡಕ್ಕೆ ಇಳಿದೆ. ಹೋದ ವರ್ಷ ಮಡಕಶಿರಾದ ರೈತರ ಸಭೆಗೆ ನೀವು ರಾಯದುರ್ಗದಿಂದ ಬಂದು ಮಣ್ಣಿನ ಬಗ್ಗೆ ಮಾತಾಡಿದಿರಿ. ನನ್ನ ಎರಡು ಕಿವಿಯೂ ಮಂದ, ಒಂದು ಮಾತೂ ಕೇಳಿಸಲಿಲ್ಲ. ಆದರೆ ನೀವು ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿದ ರೀತಿ ಕಂಡು, ಈ ಹುಡುಗಿಗೆ ಮಣ್ಣು ಗೊತ್ತು ಅನ್ನಿಸಿತು. ಅಲ್ಲಿ ಹಂಚಿದ ಕಾಗದದಲ್ಲಿ ನಿಮ್ಮ ಪ್ರಯೋಗಾಲಯದ ವಿಳಾಸವಿತ್ತು. ಫೋನು ನನ್ನಂಥವನಿಗೆ ದಂಡ, ಅದಕ್ಕೇ ಈ ಪತ್ರ.

ವಿಷಯ ಏನೆಂದರೆ, ನನ್ನ ಹೊಲದ ರಾಗಿ ಸತ್ತಿತು. ಹುಳು ಇಲ್ಲ, ರೋಗ ಇಲ್ಲ. ಮೊಳಕೆ ಚೆನ್ನಾಗಿಯೇ ಎದ್ದಿತು. ನಾಲ್ಕು ಜನ ನೋಡಿ ಹೊಗಳುವಷ್ಟರಲ್ಲಿ ಎಲೆಯ ತುದಿಯಿಂದ ಹಳದಿಯಾಗಿ ಒಣಗುತ್ತಾ ಬಂತು. ಪಕ್ಕದ ಮೇಲಿನ ಹೊಲ ನನ್ನ ಭಾಮೈದ ಆಂಜನೇಯನದು. ಅಂದರೆ ತೀರಿಹೋದ ನನ್ನ ಹೆಂಡತಿ ಚೌಡಕ್ಕನ ತಮ್ಮ. ಅವನು ಮೆಕ್ಕೆಜೋಳ ಹಾಕುತ್ತಾನೆ, ಕಳೆ ಔಷಧಿ ಹೊಡೆಯುತ್ತಾನೆ. ನಾನು ಆ ಔಷಧಿಯನ್ನು ಕೈಯಲ್ಲಿ ಮುಟ್ಟಿದವನಲ್ಲ. ಮಳೆನೀರಿನ ಜೊತೆ ಅವನ ಔಷಧಿ ನನ್ನ ಹೊಲಕ್ಕೆ ಇಳಿದಿದೆ ಎಂದು ನನ್ನ ನಂಬಿಕೆ.

ಇಬ್ಬರ ಹೊಲಕ್ಕೂ ಬೋರ್‌ವೆಲ್ ಒಂದೇ, ಅದಿರುವುದು ನನ್ನ ಜಾಗದಲ್ಲಿ. ಮಣ್ಣಿನಲ್ಲಿ ಔಷಧಿ ಇದೆ ಎಂದು ನೀವು ಬರೆದುಕೊಟ್ಟರೆ ಊರ ಹಿರಿಯರ ಮುಂದೆ ಇಟ್ಟು ಅವನ ನೀರಿನ ಸರದಿ ನಿಲ್ಲಿಸುತ್ತೇನೆ. ನೀರಿಲ್ಲದೆ ಅವನ ಹಿಪ್ಪುನೇರಳೆ ತೋಟ ಒಂದು ಬೇಸಿಗೆಯನ್ನೂ ತಡೆಯುವುದಿಲ್ಲ. ಅದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಯುವರ್ಸ್ ಒಬೀಡಿಯಂಟ್ಲಿ,
ಸಂಜೀವಪ್ಪ


ರಾಯದುರ್ಗ
10 ಸೆಪ್ಟೆಂಬರ್ 2024

ಸಂಜೀವಪ್ಪನವರಿಗೆ ನಮಸ್ಕಾರ.

ನಾನು ಈ ಕೆಲಸಕ್ಕೆ ಸೇರಿದ ಮೇಲೆ ಕೈಬರಹದ ಪತ್ರ ಬಂದದ್ದು ಇದೇ ಮೊದಲು. ಇಲ್ಲಿ ಎಲ್ಲರೂ ಓದಿದರು, ಕ್ಷಮಿಸಿ.

ಮೊದಲೇ ಹೇಳಿಬಿಡುತ್ತೇನೆ. ಕಳೆನಾಶಕದ ಅಂಶ ಅಳೆಯುವ ಯಂತ್ರ ನಮ್ಮಲ್ಲಿಲ್ಲ. ನಾವು ನೋಡುವುದು ಸಾರಜನಕ, ರಂಜಕ, ಪೊಟ್ಯಾಷ್, ಉಪ್ಪಿನಂಶ, ಅಷ್ಟೇ. ಆದರೆ ಒಂದು ಹಳೆಯ ದಾರಿ ಇದೆ. ಅನುಮಾನದ ಮಣ್ಣನ್ನು ಕುಂಡಕ್ಕೆ ತುಂಬಿ, ಬೀಜ ಹಾಕಿ, ಕಾಯುವುದು. ಸೌತೆ ಬಹಳ ಸೂಕ್ಷ್ಮದ ಗಿಡ. ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿ ಮಣ್ಣಿನಲ್ಲಿ ಸ್ವಲ್ಪ ಉಳಿದಿದ್ದರೂ ಅದು ಬಾಡುತ್ತದೆ. ಮೆಕ್ಕೆಜೋಳ ಅದೇ ಔಷಧಿಯನ್ನು ಅರಗಿಸಿಕೊಂಡು ಬೆಳೆಯುತ್ತದೆ. ಒಂದೇ ಮಣ್ಣಿನಲ್ಲಿ ಸೌತೆ ಸತ್ತು ಜೋಳ ನಿಂತರೆ ಅನುಮಾನ ಗಟ್ಟಿಯಾದ ಹಾಗೆ. ಎಷ್ಟಿದೆ ಎಂದು ಇದರಿಂದ ತಿಳಿಯುವುದಿಲ್ಲ. ಸರ್ಕಾರಿ ವರದಿಯೂ ಇದಲ್ಲ.

ಮೂರು ಮಣ್ಣು ಕಳಿಸಿ. ರಾಗಿ ಸತ್ತ ಜಾಗದ್ದು ಒಂದು. ಆಂಜನೇಯನವರ ಬದುವಿನ ಬುಡದ್ದು ಒಂದು. ಮೂರನೆಯದು ಯಾವ ಔಷಧಿಯೂ ಎಂದೂ ತಾಗದ ಜಾಗದ್ದು. ಅದನ್ನು ಹುಷಾರಾಗಿ ಆರಿಸಿ, ಉಳಿದೆರಡನ್ನು ಹೋಲಿಸುವುದು ಅದರ ಜೊತೆಗೇ. ಮೇಲಿನ ನಾಲ್ಕು ಬೆರಳಿನಷ್ಟು ಆಳದ ಮಣ್ಣು ಸಾಕು. ಗೊಬ್ಬರದ ಚೀಲ, ಔಷಧಿಯ ಚೀಲ ಮಾತ್ರ ಬೇಡ. ಮಳೆ ಬಂದಾಗ ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ ಎಂದೂ ನೋಡಿ ಬರೆಯಿರಿ.

ಭವ್ಯಾ


ಗುಡಿಬಂಡೆ ಹತ್ತಿರ
17 ಸೆಪ್ಟೆಂಬರ್ 2024

ಭವ್ಯಾ ಮೇಡಂ ಅವರಿಗೆ,

ಉತ್ತರ ಬರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಬಂತು. ಎರಡು ಸಲ ಓದಿ ಜೇಬಿನಲ್ಲಿಟ್ಟುಕೊಂಡೆ. ಐ ಆಮ್ ವೆರಿ ಮಚ್ ಗ್ರೇಟ್‌ಫುಲ್. ಆ ಶಬ್ದ ಸರಿ ಇದೆ ತಾನೆ? ಗ್ರೇಟ್ ಅಲ್ಲ, ಅದರ ಜೊತೆಗೆ ಫುಲ್ ಬರಬೇಕು ಎಂದು ನಮ್ಮ ಮೇಷ್ಟರು ಬೆಂಚಿನ ಮೇಲೆ ನಿಲ್ಲಿಸಿ ಕಲಿಸಿದ್ದು.

ಸೌತೆ ವಿಷಯ ಓದಿ ಬಹಳ ಖುಷಿಯಾಯಿತು. ಬೀಜದೊಳಗೆ ಎರಡು ದಪ್ಪ ಎಲೆ ಇರುತ್ತವಲ್ಲ, ಕಾಟಿಲಿಡನ್ ಅಂತಲೋ ಏನೋ. ಎಲ್ಲ ಮರೆತು ಅದೊಂದು ಉಳಿದಿದೆ.

ಚೌಡಕ್ಕನ ಹಳೆಯ ನೂಲಿನ ಸೀರೆ ಹರಿದು ಮೂರು ಚೀಲ ಹೊಲಿದು ಮಣ್ಣು ತುಂಬಿದ್ದೇನೆ. ಒಂದು, ಎರಡು, ಮೂರು ಎಂದು ಚೀಟಿ ಹಾಕಿದೆ. ಅಂಚೆ ಕಚೇರಿಯಲ್ಲಿ ತೂಕ ಹಾಕುವವನು, “ಏನ್ ಸಂಜೀವಪ್ಪಾ, ಮಣ್ಣು ಕಳಿಸ್ತಾ ಇದೀಯಾ? ರಾಯದುರ್ಗದಾಗೆ ಮಣ್ಣು ಖಾಲಿಯಾಯ್ತಾ?” ಎಂದು ಕೂಗಿದ. ನನಗೆ ಏನು ಹೇಳಬೇಕಾದರೂ ಎಲ್ಲರೂ ಕೂಗಿಯೇ ಹೇಳುತ್ತಾರೆ. ಹಾಗಾಗಿ ನನ್ನ ಸಂಗತಿಗಳೆಲ್ಲ ನನಗಿಂತ ಮೊದಲು ಊರಿಗೆ ಗೊತ್ತಾಗುತ್ತವೆ.

ಮೂರನೆಯ ಮಣ್ಣಿನ ಬಗ್ಗೆ ನಿಮಗೆ ಚಿಂತೆಯೇ ಬೇಡ. ಅದು ನನ್ನ ಹೊಲದ ಮೇಲ್ಮೂಲೆಯದು, ಸ್ವಲ್ಪ ದಿಬ್ಬದ ಜಾಗ. ಅಷ್ಟು ಶುದ್ಧವಾದ ಜಾಗ ಈ ಸೀಮೆಯಲ್ಲೇ ಇಲ್ಲ. ನಾವು ಅಲ್ಲಿ ಉಳುವುದಿಲ್ಲ, ಬಿತ್ತುವುದಿಲ್ಲ. ಸುತ್ತ ಎಷ್ಟು ಕಳೆ ಬೆಳೆದರೂ ಅಲ್ಲಿ ಮಾತ್ರ ಒಂದು ಹುಲ್ಲುಕಡ್ಡಿಯೂ ಹುಟ್ಟುವುದಿಲ್ಲ. ಗುಡಿಸಿ ಸಾರಿಸಿದ ಅಂಗಳದ ಹಾಗಿರುತ್ತದೆ.

ನೀರಿನ ಇಳಿಜಾರು ಮಳೆ ಬಂದಾಗ ನೋಡಿ ಬರೆಯುತ್ತೇನೆ. ಆಂಜನೇಯನ ಬಗ್ಗೆ ಒಂದು ಮಾತು. ನೀವು ನನ್ನನ್ನು ಕಠಿಣ ಮನುಷ್ಯ ಎಂದುಕೊಳ್ಳಬಾರದು. ಚೌಡಕ್ಕ ಹೋದಾಗ ಅವಳನ್ನು ಅವರ ತಾಯಿಯ ಪಕ್ಕ ಮಣ್ಣು ಮಾಡಬೇಕೆಂದು ಅವನು ಹಟ ಹಿಡಿದ, ನಾನು ಬಿಡಲಿಲ್ಲ. ಮಾತು ಬೆಳೆಯಿತು. ಅಲ್ಲಿಂದ ಈಚೆಗೆ, ಅಕ್ಕ ಮಲಗಿರುವ ಕಡೆಗೆ ಅವನು ಒಂದು ಸಲವೂ ಬಂದಿಲ್ಲ. ವರ್ಷದ ಎಡೆಗೂ ಬರಲಿಲ್ಲ. ಅಂಥವನಿಗೆ ನನ್ನ ಬೋರಿನ ನೀರು ಯಾಕೆ?

ಸಂಜೀವಪ್ಪ


ಗುಡಿಬಂಡೆ ಹತ್ತಿರ
19 ಅಕ್ಟೋಬರ್ 2024

ಮೇಡಂ,

ಸೌತೆ ಕಾಯಿ ಬಿಟ್ಟು ಹಣ್ಣಾಗುವಷ್ಟು ದಿನವಾಯಿತು, ನಿಮ್ಮಿಂದ ಪತ್ರವಿಲ್ಲ. ಹಿರಿಯರು ಕೇಳುತ್ತಿದ್ದಾರೆ. ಆಂಜನೇಯ ಹೋದ ವಾರ ಅನಂತಪುರದ ಕಡೆ ಹೋಗಿದ್ದನಂತೆ. ಅಲ್ಲಿಂದ ರಾಯದುರ್ಗಕ್ಕೆ ಬಸ್ಸಿದೆ ಎಂದು ನನಗೂ ಗೊತ್ತು. ಅವನು ನಿಮ್ಮವರೆಗೆ ಬಂದು ಏನಾದರೂ ಹೇಳಿದನೇ? ಮಾತಿನಲ್ಲಿ ಬಹಳ ಮೃದು ಅವನು. ಅವನ ಮಾತು ನಂಬಿ ನೀವು ನನ್ನ ಕೈ ಬಿಟ್ಟಿದ್ದರೆ ಹಾಗೆಂದು ಬರೆದುಬಿಡಿ, ಬೇಜಾರಿಲ್ಲ. ಇದೆ. ಆದರೂ ಬರೆಯಿರಿ.

ಮಳೆ ಬಂತು, ನೋಡಿದೆ. ಅವನ ಹೊಲದ ನೀರು ಆಚೆ ಹಳ್ಳಕ್ಕೆ ಹೋಗುತ್ತದೆ. ನನ್ನ ರಾಗಿ ಹೊಲಕ್ಕೆ ಇಳಿಯುವುದು ನನ್ನದೇ ಮೇಲ್ಮೂಲೆಯ ದಿಬ್ಬದ ನೀರು. ಇದರಿಂದ ಏನು ತಿಳಿಯುತ್ತದೋ ನನಗೆ ಗೊತ್ತಾಗಲಿಲ್ಲ.

ಸಂಜೀವಪ್ಪ


ರಾಯದುರ್ಗ
25 ಅಕ್ಟೋಬರ್ 2024

ಸಂಜೀವಪ್ಪನವರಿಗೆ,

ಯಾರೂ ಬಂದಿಲ್ಲ, ಯಾರೂ ಏನೂ ಹೇಳಿಲ್ಲ. ತಡವಾದದ್ದಕ್ಕೆ ಕಾರಣ ಬೇರೆ. ಮೊದಲ ಸಲ ಬಂದ ಫಲಿತಾಂಶ ನಂಬಲಾಗದೆ ಮತ್ತೆ ಎಲ್ಲವನ್ನೂ ಬಿತ್ತಿದೆ. ಬೀಜದ ದೋಷ ಇರಬಹುದೇ ಎಂದು ನಮ್ಮ ಹಿತ್ತಲಿನ ಮಣ್ಣಿನಲ್ಲೂ ಬಿತ್ತಿದೆ. ಇದು ಕಚೇರಿಯ ಕೆಲಸದಲ್ಲಿ ಸೇರುವುದಿಲ್ಲವಾದ್ದರಿಂದ ಕುಂಡಗಳೆಲ್ಲ ನಮ್ಮ ಮನೆಯ ಮಾಳಿಗೆಯ ಮೇಲಿವೆ. ಹಗಲು ನೀರು ಹಾಕುವವಳು ನಮ್ಮವ್ವ. “ಯಾಕವ್ವ, ಸೌತಿ ಬಳ್ಳಿ ಹಬ್ಬಿಸಿದ್ರ ನಾಕು ಕಾಯಾರ ಬರ್ತಿದ್ವು. ಇವನ್ನ ಸಾಯಾಕಂತನ ಬೆಳಸ್ತಿಯೇನ?” ಎಂದು ದಿನಾ ಕೇಳುತ್ತಾಳೆ.

ಎರಡು ಸಲವೂ ಒಂದೇ ಫಲ ಬಂತು. ರಾಗಿ ಸತ್ತ ಜಾಗದ ಮಣ್ಣಿನಲ್ಲಿ ಸೌತೆಯ ಎಲೆಯಂಚು ಹಳದಿಯಾಗಿ ಒಣಗಿತು, ಕೆಲವು ಸಸಿ ಉಳಿದವು. ಆಂಜನೇಯನವರ ಬದುವಿನ ಬುಡದ ಮಣ್ಣಿನಲ್ಲಿ ಸೌತೆ ಹಸಿರಾಗಿ, ನಮ್ಮ ಹಿತ್ತಲಿನದರಷ್ಟೇ ಚೆನ್ನಾಗಿ ಬಂತು. ನೀವು ಶುದ್ಧವೆಂದು ಕಳಿಸಿದ ಮೂರನೆಯ ಮಣ್ಣಿನಲ್ಲಿ ಒಂದೂ ಉಳಿಯಲಿಲ್ಲ. ಮೊಳಕೆ ಬಂದು, ಬೀಜದೊಳಗಿನ ಬುತ್ತಿ ತೀರುವವರೆಗೆ ನಿಂತು, ಆಮೇಲೆ ಎಲ್ಲವೂ ಸುಟ್ಟಂತೆ ಸತ್ತವು. ಅದೇ ಮಣ್ಣಿನಲ್ಲಿ ಮೆಕ್ಕೆಜೋಳ ಗೇಣುದ್ದ ನಿಂತಿದೆ.

ಚೀಟಿ ಅದಲುಬದಲಾಗಿದೆಯೇ? ನೆನಪು ಮಾಡಿಕೊಳ್ಳಿ. ಆಗಿಲ್ಲವಾದರೆ, ನಿಮ್ಮ ರಾಗಿ ಹೊಲಕ್ಕೆ ಔಷಧಿ ಇಳಿದಿರುವುದು ಆ ಮೂಲೆಯಿಂದ.

ಭವ್ಯಾ


ಗುಡಿಬಂಡೆ ಹತ್ತಿರ
30 ಅಕ್ಟೋಬರ್ 2024

ಮೇಡಂ,

ಚೀಟಿ ಅದಲುಬದಲಾಗಿಲ್ಲ. ಆಗಿದ್ದರೆ ನಿಮ್ಮ ಮಾಳಿಗೆಯ ಮೇಲೆ ಆಗಿರಬೇಕು.

ಆ ಮೂಲೆ ನನ್ನ ಹೆಂಡತಿಯ ಸಮಾಧಿ. ನಿಮಗೆ ಹೇಳಿರಲಿಲ್ಲ. ಹೇಳುವ ಅಗತ್ಯ ಇರಲಿಲ್ಲ. ಅವಳನ್ನು ಅಲ್ಲಿ ಮಲಗಿಸಿದ ಮೇಲೆ ಮೊದಲ ಮಳೆಗಾಲವೆಲ್ಲ ನಾನು ಆ ಕಡೆ ತಲೆ ಹಾಕಲಾರದೆ ಹೋದೆ. ಕೊನೆಗೊಂದು ದಿನ ಹೋದಾಗ ಸುತ್ತ ಎದೆಮಟ್ಟ ಕಳೆ, ಅವಳ ಮೇಲೆ ಮಾತ್ರ ಏನೂ ಇಲ್ಲ. ಬದುಕಿದ್ದಾಗ ಅಂಗಳದಲ್ಲಿ ಕಸ ಇರಗೊಡದವಳು, ಈಗಲೂ ಹಾಗೇ ಇದ್ದಾಳೆ ಎಂದುಕೊಂಡೆ. ಅಂಥ ಮಣ್ಣಿನಲ್ಲಿ ವಿಷ ಇದೆ ಎಂದು ಬರೆಯುತ್ತೀರಲ್ಲ. ಇನ್ನು ನನಗೆ ನಿಮ್ಮ ಪರೀಕ್ಷೆ ಬೇಡ.

ಸಂಜೀವಪ್ಪ


ರಾಯದುರ್ಗ
6 ನವೆಂಬರ್ 2024

ಸಂಜೀವಪ್ಪ ತಾತನವರಿಗೆ,

ತಪ್ಪಾಯಿತು. ಮೂರನೆಯ ಚೀಲದ ಮಣ್ಣಿನಲ್ಲಿ ಒಂದು ಅರಿಶಿನದ ಕೊಂಬಿನ ಚೂರು ಸಿಕ್ಕಿತ್ತು. ಆಗಲೇ ಇದು ಯಾವ ಜಾಗ ಎಂದು ಕೇಳಬೇಕಿತ್ತು. ಆ ಚೂರು ಇದ್ದ ಕಾರಣ, ಚೀಲ ನನ್ನಲ್ಲಿ ಅದಲುಬದಲಾಗಿಲ್ಲ ಎಂದೂ ಹೇಳಬಲ್ಲೆ.

ನಿಮ್ಮ ಸೆಪ್ಟೆಂಬರಿನ ಪತ್ರ ಮತ್ತೆ ತೆಗೆದು ಓದಿದೆ. ಸುತ್ತ ಕಳೆ, ಅಲ್ಲಿ ಮಾತ್ರ ಹುಲ್ಲುಕಡ್ಡಿಯೂ ಇಲ್ಲ ಎಂದು ನೀವು ಅಂದೇ ಬರೆದಿದ್ದಿರಿ. ನಾನು ಅದನ್ನು ಹೊಲದ ಮೇಲಿನ ಪ್ರೀತಿಯ ಮಾತು ಎಂದು ಓದಿ ಮುಂದೆ ಹೋದೆ. ತಾತ, ಮಳೆಗಾಲದಲ್ಲಿ ನಮ್ಮ ಮಣ್ಣು ಸುಮ್ಮನೆ ಬರಿದಾಗಿ ಇರುವುದಿಲ್ಲ. ಯಾರೋ ಅಲ್ಲಿಗೆ ಮೆಕ್ಕೆಜೋಳದ ಔಷಧಿ ಹೊಡೆದಿದ್ದಾರೆ. ಒಂದು ಸಲ ಹೊಡೆದದ್ದೂ ಅಲ್ಲ. ಯಾರು, ಯಾಕೆ ಎಂಬುದು ಸೌತೆ ಸಸಿಗೆ ಗೊತ್ತಾಗುವುದಿಲ್ಲ. ಕೇಳಬೇಕಾದವರನ್ನು ನೀವೇ ಕೇಳಬೇಕು. ಕೇಳುವಾಗ ಸಿಟ್ಟು ಮಾಡಿಕೊಳ್ಳಬೇಡಿ.

ಪತ್ರ ಬರೆಯುವುದನ್ನು ನಿಲ್ಲಿಸಬೇಡಿ ಎಂದೂ ಕೇಳಿಕೊಳ್ಳುತ್ತೇನೆ.

ಭವ್ಯಾ


ಗುಡಿಬಂಡೆ ಹತ್ತಿರ
24 ನವೆಂಬರ್ 2024

ಮಗಳು ಭವ್ಯಾಗೆ,

ಹೀಗೆ ಕರೆದರೆ ತಪ್ಪಿಲ್ಲ ತಾನೆ? ನೀನು ತಾತ ಎಂದು ಬರೆದ ಮೇಲೆ ಮೊಮ್ಮಗಳು ಎನ್ನಬೇಕಿತ್ತು. ಬಾಯಿಗೆ ಮಗಳು ಎಂದೇ ಬರುತ್ತದೆ, ಇರಲಿ.

ಸಿಟ್ಟು ಮಾಡಿಕೊಳ್ಳಬೇಡಿ ಎಂದು ನೀನು ಬರೆದ ಸಾಲನ್ನು ಓದುತ್ತಲೇ ಸಿಟ್ಟು ಮಾಡಿಕೊಂಡೆ. ನನಗೆ ಹೊಳೆದದ್ದು ಒಂದೇ. ನನ್ನ ಮೇಲಿನ ಹಗೆಗೆ ಆಂಜನೇಯ ಸ್ವಂತ ಅಕ್ಕನ ಸಮಾಧಿಗೆ ವಿಷ ಹಾಕಿದ್ದಾನೆ. ಟವಲು ಹೆಗಲಿಗೆ ಹಾಕಿಕೊಂಡು ಅವನ ಮನೆಗೆ ನಡೆದೆ. ಚೌಡಕ್ಕ ಹೋದ ಮೇಲೆ ಆ ಹೊಸ್ತಿಲು ತುಳಿದದ್ದು ಅದೇ ಮೊದಲು.

ಅವನ ಹೆಂಡತಿ ನಾಗವೇಣಿ ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿದ್ದಳು. “ಬಂದ್ರಾ ಅಣ್ಣಾ? ದಾರಿ ಮರ್ತೋಯ್ತೇನೋ ಅಂದ್ಕೊಂಡಿದ್ವಿ,” ಎಂದಳು. ನಾನು ಅವಳಿಗೆ ಉತ್ತರ ಕೊಡದೆ ಆಂಜನೇಯನನ್ನು ಕೇಳಿದೆ.

“ಏನ್ಲಾ, ನಿಮ್ಮಕ್ಕನ ಮೇಲೆ ಔಷಧಿ ಹೊಡ್ದಿದೀಯಾ?”

ಅವನು ಏನೋ ಅಂದ. ಕೇಳಿಸಲಿಲ್ಲ.

“ಗಟ್ಟಿಯಾಗಿ ಹೇಳು!”

“ಹೂಂ, ಹೊಡ್ದೆ!”

ನನ್ನ ಕೈ ಮೇಲೆದ್ದಿತು. ನಾಗವೇಣಿ ಸೊಪ್ಪಿನ ಪುಟ್ಟಿಯ ಸಮೇತ ನಡುವೆ ಬಂದಳು. “ಹೊಡೀಬೇಕಾದ್ರೆ ಹೊಡೀರಿ ಅಣ್ಣಾ. ಯಾಕೆ ಅಂತ ಕೇಳಿ ಆಮೇಲೆ ಹೊಡೀರಿ.”

“ಯಾಕ್ಲಾ?”

ಮತ್ತೆ ತಲೆ ತಗ್ಗಿಸಿ ಗೊಣಗಿದ. ತಲೆ ತಗ್ಗಿಸಿದವನ ಮಾತು ನನಗೆ ಎಲ್ಲಿ ಕೇಳಬೇಕು? “ಏನು? ಏನು?” ಎಂದು ಬಡಿದುಕೊಂಡೆ. ಕೊನೆಗೆ ಅವನು ನನ್ನ ಕಿವಿಗೆ ಬಾಯಿಟ್ಟು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

“‘ನನ್ನ ಹೊಲಕ್ಕೆ ಕಾಲಿಡಬ್ಯಾಡ’ ಅಂತ ನೀನೇ ಅಂದಿದ್ಯಲ್ಲಾ ಭಾವ! ಕಾಲಿಡ್ದೆ ಕಳೆ ಹೆಂಗ್ ಕೀಳ್ಲಿ? ಅಕ್ಕನ ಮೇಲೆ ಕಾಂಗ್ರೆಸ್ ಗಿಡ, ಉತ್ತರಾಣಿ, ಮುಳ್ಳು, ಎಲ್ಲಾ ಬೆಳ್ಕೊಂಡು ಬಿದ್ದಿತ್ತು. ನೀನು ಆ ಕಡೆ ಬರ್ಲಿಲ್ಲ. ನಂಗೆ ದಿನಾ ಕಾಣ್ತಿತ್ತು. ಅದ್ಕೇ ನನ್ನ ಬದದ ಮೇಲೇ ನಿಂತ್ಕೊಂಡು ಪೈಪು ಚಾಚಿ ಹೊಡ್ದೆ. ಜೋಳಕ್ಕೆ ಹೊಡ್ದು ಕ್ಯಾನಾಗೆ ಉಳಿದಿದ್ದೆಲ್ಲಾ ಅವಳಿಗೇ ಹೊಡ್ದೆ. ನಿನ್ನ ಹೊಲಕ್ಕೆ ಒಂದು ಹೆಜ್ಜೆ ಇಟ್ಟಿಲ್ಲ, ಅಕ್ಕನಾಣೆಗೂ!”

ಎದುರು ಮನೆಯ ಓಬಕ್ಕ ಜಗಲಿಯ ಮೇಲಿಂದ, “ಅಯ್ಯೋ ಶಿವನೇ, ಇಬ್ರೂ ಸೇರಿ ಚೌಡಕ್ಕನ್ನ ಎರಡು ಸಲ ಮಣ್ಣು ಮಾಡಿದ್ರಲ್ರಪ್ಪಾ,” ಎಂದಳಂತೆ. ಇದನ್ನು ಆಮೇಲೆ ನಾಗವೇಣಿ ಕೂಗಿ ಹೇಳಿದಳು.

ನಾನು ಅಲ್ಲೇ ಕೂತುಬಿಟ್ಟೆ ಮಗಳೇ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದೆನಲ್ಲ, ಅವನು ಅವಳ ಮೇಲೆ ಒಂದು ಮುಳ್ಳು ಬೆಳೆಯಗೊಡದೆ ಕಾದಿದ್ದಾನೆ. ಅವನಿಗೆ ಏನಾದರೂ ಹೇಳಬೇಕಿತ್ತು. ಕನ್ನಡದಲ್ಲಿ ಒಂದೂ ಬರಲಿಲ್ಲ. “ಥ್ಯಾಂಕ್ ಯೂ ವೆರಿ ಮಚ್” ಎಂದೆ, ಭಾಮೈದನಿಗೆ! ಅವನು ಕಣ್ಣೊರೆಸಿಕೊಂಡು “ಏನಂದೆ?” ಎಂದ.

ಈಗ ಒಂದು ಪೇಚು. ರಾಗಿ ಸತ್ತದ್ದು ಅದೇ ಔಷಧಿಯಿಂದ ಎಂದು ಅವನಿಗೆ ಇನ್ನೂ ಗೊತ್ತಿಲ್ಲ. ಹಿರಿಯರ ಮುಂದೆ ಹೇಳಿದರೆ ನಾನು ಗೆಲ್ಲುತ್ತೇನೆ. ಹೇಳುವುದಿಲ್ಲ, ಸಭೆ ಬೇಡ ಎಂದು ಹೇಳಿ ಕಳಿಸಿದೆ. ಆದರೆ ಅವನಿಗೆ ಹೇಳಲೋ ಬೇಡವೋ? ಅಷ್ಟು ಪ್ರೀತಿಯಿಂದ ಮಾಡಿದ್ದು ಹೀಗಾಯಿತು ಎಂದು ಯಾವ ಬಾಯಲ್ಲಿ ಹೇಳಲಿ?

ಸಂಜೀವಪ್ಪ


ರಾಯದುರ್ಗ
2 ಡಿಸೆಂಬರ್ 2024

ತಾತನವರಿಗೆ,

ಹೇಳಲೇಬೇಕು. ಹೇಳದಿದ್ದರೆ ಮುಂದಿನ ಮುಂಗಾರಿಗೂ ಅವರು ಬದುವಿನ ಮೇಲೆ ನಿಂತು ಪೈಪು ಚಾಚುತ್ತಾರೆ.

ಜೊತೆಗೆ ಇದನ್ನೂ ಹೇಳಿ. ಈ ಔಷಧಿ ಮಣ್ಣಿನಲ್ಲಿ ಶಾಶ್ವತವಾಗಿ ಇರುವುದಿಲ್ಲ. ಮಣ್ಣಿನೊಳಗಿನ ಸೂಕ್ಷ್ಮಜೀವಿಗಳು ಅದನ್ನು ನಿಧಾನವಾಗಿ ತಿಂದು ಮುಗಿಸುತ್ತವೆ. ಒಣ ಮಣ್ಣಿನಲ್ಲಿ ಅವು ಕೆಲಸ ಮಾಡುವುದಿಲ್ಲ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ, ಬೇಸಿಗೆಯುದ್ದಕ್ಕೂ ತೇವ ಆರದ ಹಾಗೆ ನೀರು ಕೊಡಿ. ಮೇಲ್ಮೂಲೆಗೂ, ಕೆಳಗಿನ ಹೊಲಕ್ಕೂ. ನೀರು ಬಹಳ ಬೇಕಾಗುತ್ತದೆ, ಅದೇ ಕಷ್ಟ. ಆಗಾಗ ಕುಂಡದಲ್ಲಿ ಸೌತೆ ಹಾಕಿ ನೋಡುತ್ತಿರಿ. ಹಸಿರಾಗಿ ನಿಲ್ಲುವವರೆಗೆ ರಾಗಿ ಬೇಡ.

ನಿಮ್ಮ ಪತ್ರವನ್ನು ನಮ್ಮವ್ವನಿಗೆ ಓದಿ ಹೇಳಿದೆ. “ಆ ತಮ್ಮನ್ನ ಬೈಬ್ಯಾಡ್ರಿ ಅಂತ ಬರಿಯವ್ವ,” ಎಂದಳು. ಬರೆದಿದ್ದೇನೆ.

ಭವ್ಯಾ


ಗುಡಿಬಂಡೆ ಹತ್ತಿರ
16 ಫೆಬ್ರುವರಿ 2025

ಮಗಳು ಭವ್ಯಾಗೆ,

ಬಹಳ ದಿನ ಬರೆಯಲಿಲ್ಲ, ಕೈಯಲ್ಲಿ ಗೊಬ್ಬರ ಇತ್ತು.

ಅವನಿಗೆ ಹೇಳಿದೆ. ಸಮಾಧಿಯ ಹತ್ತಿರ ಕರೆದುಕೊಂಡು ಹೋಗಿ, ಹೊಲದೊಳಗೆ ನಿಲ್ಲಿಸಿಕೊಂಡು ಹೇಳಿದೆ. ಒಳಗೆ ಬರಲು ಹಿಂದೆ ಮುಂದೆ ನೋಡುತ್ತಿದ್ದ, ಕೈ ಹಿಡಿದು ಎಳೆದೆ. ನಿನ್ನ ಪತ್ರವನ್ನೂ ಓದಿ ತೋರಿಸಿದೆ. ಮಣ್ಣನ್ನು ಅಂಗೈಯಲ್ಲಿ ಹಿಡಿದು ಮೂಸಿ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದ.

“ಇನ್ಮೇಲೆ ನನ್ನ ಸರದಿ ನೀರೂ ಇಲ್ಲಿಗೇ ಬರ್ಲಿ ಭಾವ.”

“ನಿನ್ನ ಹಿಪ್ಪುನೇರಳೆ?”

“ಅದ್ಕೆ ಅರ್ಧ ಬಿಟ್ರೆ ಸಾಕು. ಸೊಪ್ಪು ಕಮ್ಮಿಯಾದ್ರೆ ಹುಳ ಕಮ್ಮಿ ಸಾಕ್ತೀನಿ. ಅವ್ಳೇನು ನಂಗೊಬ್ಬನಿಗೇ ಅಕ್ಕನಾ, ನಿಂಗೂ ಹೆಂಡ್ತಿ ಅಲ್ವಾ? ನಿಂದೂ ಅರ್ಧ ಬಿಡು.”

ಯಾರ ನೀರು ನಿಲ್ಲಿಸಬೇಕೆಂದು ನಿನಗೆ ಮೊದಲ ಪತ್ರ ಬರೆದೆನೋ, ಈ ಹೊಲ ತೇವವಾಗಿರುವುದು ಅವನ ನೀರಿನಿಂದ. ನಾಗವೇಣಿಯ ಕೊಟ್ಟಿಗೆಯ ತಿಪ್ಪೆ ಪೂರ್ತಿ ಇಲ್ಲಿಗೆ ಬಂತು. ಚೌಡಕ್ಕನ ಸುತ್ತ ಗೊಬ್ಬರ ಹರಡುವಾಗ ಓಬಕ್ಕ ಬಂದು ನಿಂತು ಏನೋ ಹೇಳಿ ನಕ್ಕಳು. ಕೇಳಿಸಲಿಲ್ಲ, ಒಳ್ಳೆಯದೇ ಇರಬೇಕು.

ಸೌತೆ ಹಾಕಿದ್ದೇನೆ. ರಾಗಿ ಹೊಲದ ಮಣ್ಣಿನಲ್ಲಿ ಮೂರನೆಯ ಎಲೆ ಬಿಟ್ಟಿದೆ, ಅಂಚು ಹಸಿರು. ಸಮಾಧಿಯ ಮಣ್ಣಿನಲ್ಲಿ ಇನ್ನೂ ಹಳದಿಯಾಗುತ್ತಿದೆ, ಆದರೆ ಹೋದ ತಿಂಗಳಿನಷ್ಟು ಬೇಗ ಸಾಯಲಿಲ್ಲ. ಈ ಮುಂಗಾರಿಗೆ ಆಗದಿದ್ದರೆ ಮುಂದಿನದಕ್ಕೆ. ನಮಗಿಬ್ಬರಿಗೂ ಬೇರೆ ಅವಸರವಿಲ್ಲ.

ನಿನ್ನ ಋಣದ ಬಗ್ಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಒಂದು ಸಾಲು ಬರೆದು ಮುಗಿಸಬೇಕೆಂದು ಬೆಳಗಿನಿಂದ ಕೂತಿದ್ದೇನೆ. ಅಷ್ಟರಲ್ಲಿ ಆಂಜನೇಯ ಹೊಲದ ನಡುವೆ ನಿಂತು ಎರಡೂ ಕೈ ಬೀಸಿ ಕೂಗುತ್ತಿದ್ದಾನೆ. ನೀರು ತಿರುವಬೇಕೋ, ಗೊಬ್ಬರ ಸಾಲದೋ, ಇಲ್ಲಿಂದ ತಿಳಿಯುತ್ತಿಲ್ಲ. ಹತ್ತಿರ ಹೋಗಿ ಕೇಳಬೇಕು. ಹೋಗುತ್ತೇನೆ.

ಸಂಜೀವಪ್ಪ